ಜಂಟಿ ಗೋಡೆಯ ಆಚೆ ಕೋಣೆ ಖಾಲಿ ಇರಲಿಲ್ಲ

ಹಿಮಾಯತ್‌ನಗರದ ದೊಡ್ಡ ರಸ್ತೆಯ ಹಿಂದಿನ ಓಣಿಯಲ್ಲಿ ನಾವು ಒಂದು ಹಳೆಯ ಮನೆ ಕೆಡವುತ್ತಿದ್ದೆವು. ಅದಕ್ಕೆ ಅಂಟಿಕೊಂಡ ಪಕ್ಕದ ಮನೆಯಲ್ಲಿ, ಮಾಳಿಗೆಗೆ ಹತ್ತುವ ಮೆಟ್ಟಿಲುಗಳ ತುದಿಯಲ್ಲಿ ನಾನು ನಿಂತಿದ್ದೆ. ಸಂಕ್ರಾಂತಿ ಮುಗಿದ ಮರುವಾರ. ಬೆಳಗಿನ ಹನ್ನೊಂದು ದಾಟಿತ್ತು, ಹನ್ನೆರಡು ಆಗಿರಲಿಲ್ಲ. ನನ್ನ ಬಲಗೈ ಎರಡು ಮನೆಗಳ ನಡುವಿನ ಜಂಟಿ ಗೋಡೆಯ ಮೇಲಿತ್ತು. ಬಲಕ್ಕೆ ತಿರುಗಿದರೆ ನಾವು ಛಾವಣಿ ತೆಗೆದಿದ್ದ ಮೇಲಂತಸ್ತಿನ ಕೋಣೆ ಪೂರ್ತಿ ಕಾಣುತ್ತಿತ್ತು. ಅದರೊಳಗೆ ನಮ್ಮ ಮೇಸ್ತ್ರಿ ಒಬ್ಬರೇ ಇದ್ದರು. ಎಡಕ್ಕೆ ಬಗ್ಗಿದರೆ ಪಕ್ಕದ ಮನೆಯ ಮೆಟ್ಟಿಲ ಬಳಿಯ ಸಣ್ಣ ನಡುಮನೆ ಕಾಣುತ್ತಿತ್ತು. ಅಲ್ಲಿ ಹೆರಿಗೆಯಾಗಿ ವಾರ ತುಂಬದ ಒಬ್ಬ ಬಾಣಂತಿ ಗೋಡೆಗೆ ದೂರವಾಗಿ ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಅವಳ ಕೂಸು ಮೇಸ್ತ್ರಿಯ ಹೆಂಡತಿಯ ತೋಳಿನಲ್ಲಿತ್ತು.

ಮೇಸ್ತ್ರಿ ಅಂದು ಸತ್ತರು. ಕೆಲಸ ನಿಲ್ಲಿಸಿದ ಮೇಲೂ ಅವರು ತಾವಾಗಿಯೇ ಮೇಲೆ ಹೋದರು, ಪಕ್ಕದ ಕೋಣೆ ಖಾಲಿ ಇದ್ದುದರಿಂದ ಹಾಗೆ ಹೋಗುವ ಅಗತ್ಯವೇ ಇರಲಿಲ್ಲ ಎಂದು ಆಮೇಲೆ ಹೇಳಲಾಯಿತು. ಮೊದಲ ಮಾತು ನಿಜ. ಎರಡನೆಯದು ನಿಜವಲ್ಲ. ಎರಡೂ ಕಡೆ ಒಟ್ಟಿಗೆ ಕಾಣುವ ಜಾಗದಲ್ಲಿ ನಿಂತಿದ್ದವನು ನಾನೊಬ್ಬನೇ ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಹಳೆಯ ಕಟ್ಟಡ ಕೆಡವುವ ಗುತ್ತಿಗೆದಾರರೊಬ್ಬರ ಕೈಕೆಳಗೆ ನಾನು ಸೈಟ್ ಸೂಪರ್‌ವೈಸರ್ ಆಗಿದ್ದೆ. ಮನೆಯ ಮಾಲೀಕರು ಬೀದರ್ ಕಡೆಯ ಬಟ್ಟೆ ವ್ಯಾಪಾರಿ. ಬಾಡಿಗೆದಾರರು ಬಿಟ್ಟುಹೋದ ಮೇಲೆ ಮನೆ ವರ್ಷಗಟ್ಟಲೆ ಬೀಗ ಹಾಕಿಯೇ ಇತ್ತು. ಮಳೆಗಾಲದಲ್ಲಿ ಮುಂದಿನ ಸಜ್ಜಾ ಒಡೆದು ಓಣಿಗೆ ಬಿದ್ದಿತ್ತು. "ಇದು ಯಾರದರ ತಲಿ ಮ್ಯಾಲ ಬೀಳೂಕಿಂತ ಮೊದಲ ಕೆಡವ್ರಿ. ಆದ್ರ ಎಲ್ಲಾ ಕಾಯ್ದೆ ಪ್ರಕಾರ ಆಗ್ಬೇಕು. ನಾಳೆ ಯಾರೂ ನನ್ನ ಅಂಗಡಿ ಬಾಗಿಲಿಗೆ ಬಂದು ನಿಂದರಬಾರದು" ಎಂದು ಅವರು ಮೊದಲ ದಿನವೇ ಹೇಳಿದ್ದರು.

ಹಾಗೆಯೇ ಮಾಡಿದೆವು. ರಚನಾ ಎಂಜಿನಿಯರ್ ಬಂದು ನೋಡಿ, ಮನೆ ವಾಸಕ್ಕೆ ಯೋಗ್ಯವಲ್ಲ ಎಂದು ಬರೆದುಕೊಟ್ಟರು. ನಗರಪಾಲಿಕೆಯ ಅನುಮತಿ ಬಂತು. ವಿದ್ಯುತ್ ಇಲಾಖೆಯವರು ಕಂಬದಿಂದಲೇ ತಂತಿ ಬಿಡಿಸಿ ಮೀಟರ್ ಒಯ್ದರು. ನೀರಿನ ನಳ ಬಂದ್ ಮಾಡಿಸಿದೆವು, ಒಳಚರಂಡಿಯ ಬಾಯಿಗೆ ಇಟ್ಟಿಗೆ ಕಟ್ಟಿಸಿದೆವು. ಠಾಣೆಗೆ ತಿಳಿಸಿ, ಓಣಿಯ ಕಡೆಗೆ ಹಸಿರು ಪರದೆ ಇಳಿಬಿಟ್ಟೆವು. ಕೊನೆಗೆ ಪಕ್ಕದ ಮನೆಯವರ ಒಪ್ಪಿಗೆ. ಗೋಡೆ ಎರಡು ಮನೆಗೂ ಒಂದೇ ಆಗಿದ್ದರಿಂದ, ಕೆಲಸ ಮುಗಿಯುವ ತನಕ ಅದಕ್ಕೆ ಹೊಂದಿದ ಮೇಲಿನ ಹಿಂಕೋಣೆಯನ್ನು ಖಾಲಿ ಇಡುತ್ತೇವೆಂದು ಅವರು ಸಹಿ ಹಾಕಿದರು. ಸಹಿಯಾದ ದಿನ ನಾನೇ ಆ ಕೋಣೆ ನೋಡಿದ್ದೆ. ಒಂದು ಕಬ್ಬಿಣದ ಮಂಚ, ಸುತ್ತಿಟ್ಟ ಗಾದಿ ಬಿಟ್ಟರೆ ಏನೂ ಇರಲಿಲ್ಲ.

ಹೈದರಾಬಾದಿನ ಅಂಥ ಮನೆಗಳ ಛಾವಣಿ ಗರ್ಡರು ಮತ್ತು ಫರಸಿಯದು. ಗೋಡೆಯಿಂದ ಗೋಡೆಗೆ ಕಬ್ಬಿಣದ ಗರ್ಡರು ಇಟ್ಟು, ಅವುಗಳ ನಡುವೆ ಶಹಾಬಾದಿನ ಫರಸಿಕಲ್ಲು ಹಾಸಿ, ಮೇಲೆ ಸುಣ್ಣದ ಗಚ್ಚು ಹಾಕಿರುತ್ತಾರೆ. ಅದನ್ನು ಕೆಡವುವಾಗ ಯಂತ್ರ ಬಳಸಬಾರದು. ಮೇಲಿನಿಂದ ಶುರು ಮಾಡಿ ಕೈಯಿಂದಲೇ ಗಚ್ಚು ಕೆರೆದು, ಫರಸಿ ಎಬ್ಬಿಸಿ, ಕೊನೆಗೆ ಗರ್ಡರು ಎಳೆಯಬೇಕು. ಗರ್ಡರು ಹೊರಬಂದ ತೂತನ್ನು ಕೂಡಲೇ ಇಟ್ಟಿಗೆಯಿಂದ ಮುಚ್ಚಬೇಕು. ಎಬ್ಬಿಸಿದ ಫರಸಿ ಒಂದೊಂದನ್ನೂ ಆಗಿಂದಾಗ್ಗೆ ರಾಟೆಯಿಂದ ನೆಲಕ್ಕೆ ಇಳಿಸಬೇಕು. ಛಾವಣಿ ಇರುವವರೆಗೆ ಅದೇ ಗೋಡೆಯ ತಲೆಯನ್ನು ಹಿಡಿದಿರುತ್ತದೆ. ಛಾವಣಿ ಹೋದ ಮೇಲೆ ಮೇಲಂತಸ್ತಿನ ಗೋಡೆ ಒಂಟಿಯಾಗಿ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಅದರ ಮೇಲೆ ಯಾವ ಭಾರವೂ ಬೀಳಬಾರದು.

ಮೇಸ್ತ್ರಿ ಶಹಾಬಾದ್ ಕಡೆಯವರು. ಅವರ ತಂಡದಲ್ಲಿ ಹೆಚ್ಚಿನವರು ಅಲ್ಲಿನ ಕಲ್ಲಿನ ಗಣಿಗಳಲ್ಲಿ ದುಡಿದು, ಗಣಿ ನಿಂತ ಮೇಲೆ ಹೈದರಾಬಾದಿಗೆ ಬಂದವರು. ಫರಸಿಯನ್ನು ಒಂದೂ ಒಡೆಯದೆ ಎಬ್ಬಿಸುವುದರಲ್ಲಿ ಅವರಿಗೆ ಸಮಾನರಿರಲಿಲ್ಲ. ನಾನು ಸುರಕ್ಷತೆಯ ಮಾತೆತ್ತಿದರೆ ಮೇಸ್ತ್ರಿ ತಂಡದವರ ಕಡೆ ತಿರುಗಿ, "ನೋಡ್ರೆಪಾ, ಸಾಹೇಬ್ರ ಎದುರಿಗೆ ಯಾರೂ ಸೀನಬ್ಯಾಡ್ರಿ. ಸೀನಿದ್ರ ಅದಕ್ಕೂ ಹೆಲ್ಮೆಟ್ ಹಾಕ್ಕೋರಿ ಅಂತಾರ" ಎನ್ನುತ್ತಿದ್ದರು. ಅವರ ಹೆಂಡತಿ ಮಲಬಾ, ಅಂದರೆ ಕೆಡವಿದ ಕಲ್ಲುಮಣ್ಣು, ಹೊರುವ ಬುಟ್ಟಿ ಇಳಿಸಿ, "ಹಾಕ್ಕೋರಿ ಮದಲ. ಇರೂದ ಒಂದ್ ತಲಿ, ಅದರಾಗೂ ಏನೂ ಇಲ್ಲ" ಎಂದು ಗಂಡನಿಗೆ ತಿರುಗಿ ಹೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಮೇಸ್ತ್ರಿಯೂ ನಗುತ್ತ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು.

ಆ ದಿನ ಬೆಳಿಗ್ಗೆ ನಾವು ಕೆಡವುತ್ತಿದ್ದ ಮನೆಯ ಮೇಲಿನ ಹಿಂಕೋಣೆಯ ಛಾವಣಿ ಎಬ್ಬಿಸುವ ಕೆಲಸ ನಡೆದಿತ್ತು. ಮಲಬಾ ಒಯ್ಯುವ ಟ್ರ್ಯಾಕ್ಟರು ಓಣಿಯ ತಿರುವಿನಲ್ಲಿ ಸಿಕ್ಕಿಕೊಂಡಿದ್ದರಿಂದ ನಾನು ಕೆಳಗೆ ಹೋಗಿ, ನಿಲ್ಲಿಸಿದ ಸ್ಕೂಟರುಗಳನ್ನು ತೆಗೆಸುತ್ತಿದ್ದೆ. ಅಷ್ಟರಲ್ಲಿ ಮೇಲೆ ರಾಟೆಯ ಹಗ್ಗದ ಎಳೆ ಬಿಚ್ಚಿಕೊಂಡಿತು. ಮೇಸ್ತ್ರಿ ಅದನ್ನು ಕಂಡು, ಸರಿಯಾಗಿಯೇ, ಇಳಿಸುವುದನ್ನು ನಿಲ್ಲಿಸಿ ಹೊಸ ಹಗ್ಗ ತರಲು ಒಬ್ಬನನ್ನು ಕಳಿಸಿದರು. ಆದರೆ ಎಬ್ಬಿಸುವುದನ್ನು ನಿಲ್ಲಿಸಲಿಲ್ಲ. ಎಬ್ಬಿಸಿದ ಫರಸಿಗಳನ್ನು, ಗಣಿಯಲ್ಲಿ ಮಾಡುವ ಹಾಗೆ, ನೆಟ್ಟಗೆ ನಿಲ್ಲಿಸಿ ಸಾಲಾಗಿ ಗೋಡೆಗೆ ಒರಗಿಸಿದರು. ಶಹಾಬಾದಿಗೆ ಹೋಗುವ ದಾರಿಯುದ್ದಕ್ಕೂ ಫರಸಿಗಳು ಹಾಗೆ ಒಂದರ ಬೆನ್ನಿಗೊಂದು ಒರಗಿ ನಿಂತಿರುವುದನ್ನು ಯಾರಾದರೂ ನೋಡಬಹುದು. ಮಲಗಿಸಿದರೆ ನಡು ಮುರಿಯುತ್ತದೆ, ನಿಲ್ಲಿಸಿದರೆ ಮುರಿಯುವುದಿಲ್ಲ. ಅಲ್ಲಿ ಹುಟ್ಟಿದವರ ಕೈಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಗಣಿಯಲ್ಲಿ ಅವು ಒರಗುವುದು ಬಂಡೆಗೆ. ಇಲ್ಲಿ ಒರಗಿದ್ದು ತಲೆ ಬಿಚ್ಚಿದ ಜಂಟಿ ಗೋಡೆಗೆ.

ನಾನು ಮೇಲೆ ಬಂದಾಗ ಗೋಡೆಯ ಉದ್ದಕ್ಕೂ ಫರಸಿ ನಿಂತಿದ್ದವು. ಅವುಗಳ ಹಿಂದೆ, ಗೋಡೆಯ ಮೇಲಿನ ಒಂದು ಸಂದಿನಿಂದ ಸುಣ್ಣದ ಪುಡಿ ದಾರದ ಹಾಗೆ ಸದ್ದಿಲ್ಲದೆ ಇಳಿಯುತ್ತಿತ್ತು. ಗಾಳಿ ಇರಲಿಲ್ಲ. ಯಾರೂ ಸುತ್ತಿಗೆ ಎತ್ತಿರಲಿಲ್ಲ. ಆದರೂ ಪುಡಿ ನಿಲ್ಲಲಿಲ್ಲ.

"ಎಲ್ಲಾರೂ ಕೆಳಗ ನಡೀರಿ. ಏನೂ ಮುಟ್ಟಬ್ಯಾಡ್ರಿ" ಎಂದೆ. ಮೇಸ್ತ್ರಿ ನಗಲು ಹೊರಟವರು ನನ್ನ ಮುಖ ನೋಡಿದರು. ಪುಡಿ ನೋಡಿದರು. ಕೈ ಸನ್ನೆ ಮಾಡಿ ತಂಡವನ್ನು ಇಳಿಸಿದರು. ಸದ್ದೆಲ್ಲ ನಿಂತ ಮೇಲೆ, ಗೋಡೆಯ ಆಚೆಯಿಂದ ಎಳೆಗೂಸು ಅಳುವುದು ಕೇಳಿಸಿತು.

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

"ಅಲ್ಲಿ ಯಾರೂ ಇಲ್ಲ ಅಂದಿದ್ರಲ್ರೀ, ಸಾಹೇಬ್ರ?"

ನಾನು ಇಳಿದು ಓಡಿದೆ. ಪಕ್ಕದ ಮನೆಯ ಬಾಗಿಲು ತೆಗೆದವರು ಆ ಮನೆಯ ಹಿರಿಯ ಹೆಂಗಸು. ಅವರ ತವರು ಗುಲ್ಬರ್ಗಾ ಆದ್ದರಿಂದ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು. ನಾನು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ.

"ಖಾಲಾ, ಮ್ಯಾಲಿನ ಹಿಂದಿನ ಖೋಲಿದಾಗ ಯಾರಿದ್ದಾರ?"

ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. "ನಮ್ಮ ಬೇಟಿ ಬಂದಾಳ. ಆಪರೇಷನ್ ಮಾಡಿ ತೆಗ್ದಾರ. ಚಿಲ್ಲಾ ಮುಗಿಯೂ ತನಕಾ ಇಲ್ಲೇ ಇರ್ತಾಳ."

"ಆ ಖೋಲಿ ಖಾಲಿ ಇಡ್ತೀವಿ ಅಂದಿದ್ರಲ್ಲಾ."

"ಅಂದಿದ್ವಿ, ಬೇಟಾ. ಆಗ ಅಕಿ ಬರೂದು ಎಲ್ಲಿತ್ತು? ತಿಂಗಳ ಮೊದಲಽ ಹೆರಿಗಿ ಆತು. ಕೆಳಗ ಬರೋ ಹೋಗೋ ಗಂಡಸ್ರು. ಮುಂದಿನ ಖೋಲಿಗಿ ಓಣಿ ಧೂಳು. ಬಾಣಂತಿನ್ನ ಎಲ್ಲಿ ಇಡ್ಲಿ, ನೀನಽ ಹೇಳು."

ಹೆರಿಗೆಯಾದವಳು ನಲವತ್ತು ದಿನ ಮನೆಯ ಒಳಗಿನ ಕೋಣೆ ಬಿಟ್ಟು ಹೊರಬರಬಾರದು, ಪರ ಗಂಡಸರ ಕಣ್ಣಿಗೆ ಬೀಳಬಾರದು. ಅದು ಅವರ ಚಿಲ್ಲಾ. ನಮ್ಮ ಕಡೆಯ ಬಾಣಂತನಕ್ಕೂ ಅದಕ್ಕೂ ಬಹಳ ವ್ಯತ್ಯಾಸವಿಲ್ಲ. ಖಾಲಾ ಸುಳ್ಳು ಹೇಳಿರಲಿಲ್ಲ. ಮಗಳು ಅನಿರೀಕ್ಷಿತವಾಗಿ ಬಂದಾಗ ಮನೆಯಲ್ಲಿ ಅತಿ ಮರೆಯಾದ ಕೋಣೆ ಯಾವುದೋ ಅಲ್ಲಿ ಮಲಗಿಸಿದ್ದರು. ಅದು ಜಂಟಿ ಗೋಡೆಯ ಕೋಣೆಯಾಗಿತ್ತು.

ನಾನು ಒಳಗೆ ಹೋಗುವಂತಿರಲಿಲ್ಲ. ಮೇಸ್ತ್ರಿಯ ಹೆಂಡತಿಯನ್ನು ಕರೆಸಿದೆ. ಆಕೆ ಕೈ ಕಾಲು ತೊಳೆದು ಒಳಗೆ ಹೋಗಿ, ಬೇಗನೆ ಹೊರಬಂದರು. ಆಕೆಯ ಮುಖ ನೋಡಿ ಖಾಲಾ ಗೋಡೆ ಹಿಡಿದರು, ಮತ್ತೆ ತಾವೇ ಕೈ ತೆಗೆದರು.

"ಮಂಚದ ತಲೀದಿಂಬಿನ ಮ್ಯಾಲ ಬಿರುಕು ಬಿಟ್ಟೈತ್ರಿ. ನನ್ನ ಬೆರಳು ಹೊಕ್ಕತಿ. ಕೂಸಿನ ಮೈಮ್ಯಾಲೆಲ್ಲಾ ಸುಣ್ಣ ಉದುರೈತಿ."

ಆಗ ಖಾಲಾ, "ಹೋಗು ಬೇಟಾ, ನೋಡು" ಎಂದರು. ಮಗಳಿಗೆ ದುಪಟ್ಟಾ ಹೊದಿಸಿದರು. ನಾನು ಮುಖವನ್ನು ಗೋಡೆಗೇ ಇಟ್ಟುಕೊಂಡು ಒಳಗೆ ಹೋದೆ. ಮಂಚವನ್ನು ಎದುರು ಗೋಡೆಗೆ ಸರಿಸಲು ಹೆಂಗಸರಿಗೆ ಹೇಳಿ, ಬಿರುಕಿಗೆ ಅಡ್ಡಲಾಗಿ ಪೆನ್ಸಿಲಿನಿಂದ ಗೆರೆ ಎಳೆದೆ. ಗೋಡೆ ಸರಿದರೆ ಗೆರೆಯ ಎರಡು ತುಂಡು ಒಂದಕ್ಕೊಂದು ತಪ್ಪುತ್ತವೆ. ನಾನು ನಿಂತು ನೋಡುತ್ತಿದ್ದಂತೆಯೇ ಅವು ತಪ್ಪಿದವು. ಕೂದಲಿನಷ್ಟು ಮಾತ್ರ. ಗೋಡೆ ಈ ಕಡೆಗೆ ಬರುತ್ತಿತ್ತು.

ಆ ಮನೆಯ ಛಾವಣಿಯ ಗರ್ಡರುಗಳ ಒಂದು ತುದಿ ಕೂಡ ಅದೇ ಗೋಡೆಯ ಮೇಲಿತ್ತು. ಗೋಡೆ ಹೋದರೆ ಛಾವಣಿ ಕೋಣೆಯೊಳಕ್ಕೆ ಬೀಳುತ್ತಿತ್ತು. ಕೋಣೆಯಿಂದ ಹೊರಬರಲು ಇದ್ದದ್ದು ಒಂದೇ ದಾರಿ, ಮೆಟ್ಟಿಲ ಬಳಿಯ ನಡುಮನೆ. ಅದೂ, ಕೆಳಗಿಳಿಯುವ ಮೆಟ್ಟಿಲೂ, ಪೂರ್ತಿ ಜಂಟಿ ಗೋಡೆಗೇ ಹೊಂದಿದ್ದವು. ಮೆಟ್ಟಿಲು ಕಡಿದು, ಇಕ್ಕಟ್ಟು. ಹೊಟ್ಟೆಗೆ ಹೊಲಿಗೆ ಬಿದ್ದವಳು ಇಳಿಯಲು ಬಹಳ ಹೊತ್ತು ಬೇಕಿತ್ತು. ನಡುಮನೆ ದಾಟಿ ಮುಂದಿನ ಕೋಣೆಗೆ ಹೋದರೆ ಅದು ಬೇರೆ ಗೋಡೆಗಳ ಮೇಲೆ ನಿಂತದ್ದು, ಅಲ್ಲಿ ಓಣಿಯ ಕಡೆಗೆ ಬಾಲ್ಕನಿ ಇತ್ತು. ಅಗ್ನಿಶಾಮಕಕ್ಕೆ ಫೋನ್ ಮಾಡಿದೆ. ಹೊರಟಿದ್ದೇವೆ, ರಸ್ತೆ ತುಂಬಾ ಗಾಡಿಗಳಿವೆ ಎಂದರು.

ಕೆಳಗಿಳಿದಾಗ ಬೀದಿ ಬಾಗಿಲ ಬಳಿ ಮೇಸ್ತ್ರಿ ನಿಂತಿದ್ದರು. ನನ್ನ ಯೋಚನೆ ಹೇಳಿದೆ. ನಮ್ಮ ಸೈಟಿನ ಸರ್ವೆ ಮರದ ಕಂಬ, ಹಲಗೆ ತಂದು ನಡುಮನೆಯಲ್ಲಿ ಗೋಡೆಗೆ ಓರೆಯಾಗಿ ಆನಿಸುವುದು, ಅದರ ಮರೆಯಲ್ಲಿ ಬಾಣಂತಿಯನ್ನು ಮುಂದಿನ ಕೋಣೆಗೆ ದಾಟಿಸುವುದು, ಆಮೇಲೆ ಅಗ್ನಿಶಾಮಕದವರ ಏಣಿಯಿಂದ ಇಳಿಸುವುದು. ಅಲ್ಲಿಯ ತನಕ ಆ ಕಡೆ ಒಂದು ಕಲ್ಲನ್ನೂ ಅಲುಗಿಸಬಾರದು.

"ಭಾರ ಅಲ್ಲೇ ಐತಿ, ಸಾಹೇಬ್ರ. ನಾ ಹೋಗಿ ಒಂದೊಂದಽ ತೆಗೀತೀನಿ."

"ಬ್ಯಾಡ್ರಿ. ಒಂದು ಕೈತಪ್ಪಿ ಗ್ವಾಡಿಗೆ ಬಡೀತಂದ್ರ ಮುಗೀತು. ಯಾರೂ ಮ್ಯಾಲ ಹೋಗಬಾರದು."

ಇದನ್ನು ಎಲ್ಲರಿಗೂ ಕೇಳುವಂತೆ ಹೇಳಿದೆ. ಆಮೇಲೆ ಹೇಳಿಕೆಯಲ್ಲಿ ಬರೆದುಕೊಂಡದ್ದು ಇದೇ ಮಾತು. ಇಂದಿಗೂ ನನ್ನ ಆಜ್ಞೆ ತಪ್ಪೆಂದು ನನಗೆ ಅನಿಸುವುದಿಲ್ಲ. ಅವರು ಹೋದದ್ದು ತಪ್ಪೆಂದೂ ಅನಿಸುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಗೆ ಹೇಳಬೇಕೆಂದು ನನಗೆ ತಿಳಿದಿಲ್ಲ.

ತಂಡದ ಒಬ್ಬ ಹಿರಿಯಾಳೂ ನಾನೂ ಕಂಬಗಳನ್ನು ಹತ್ತಿಸಿದೆವು. ಹಲಗೆಯನ್ನು ಗೋಡೆಗೆ ಹಚ್ಚಿ, ಕಂಬ ಓರೆಗೆ ಕೊಟ್ಟು, ಬುಡಕ್ಕೆ ಕಟ್ಟಿಗೆಯ ಬೆಣೆ ಹೊಡೆಯಬೇಕು. ಜೋರಾಗಿ ಹೊಡೆಯುವಂತಿಲ್ಲ. ಅವನು ಅಂಗೈಯಿಂದ ಗುದ್ದಿ ಗುದ್ದಿ ಬೆಣೆ ಕೂರಿಸಿದ. ಎರಡನೆಯ ಕಂಬ ನಿಲ್ಲಿಸುವಷ್ಟರಲ್ಲಿ ಕೋಣೆಯಿಂದ ಮೇಸ್ತ್ರಿಯ ಹೆಂಡತಿಯ ಕೂಗು ಕೇಳಿಸಿತು: "ಸಾಹೇಬ್ರ, ಗೆರಿ ದೂರ ಹೋತ್ರಿ!" ಪೆನ್ಸಿಲ್ ಗೆರೆ ಈಗ ದೂರದಿಂದಲೇ ಎರಡಾಗಿ ಕಾಣುತ್ತಿತ್ತು. ಆ ಕೂಗು ಓಣಿಗೂ ಕೇಳಿಸಿತ್ತು. ಮೇಸ್ತ್ರಿ ಓಣಿಯಲ್ಲಿ ನಿಂತಿದ್ದರು.

ಆಮೇಲೆ ಗೋಡೆಯ ಆಚೆ ಹೆಜ್ಜೆಯ ಸದ್ದು. ನಾನು ಮಾಳಿಗೆಯ ಮೆಟ್ಟಿಲು ಹತ್ತಿ ತುದಿಯಲ್ಲಿ ನಿಂತು ನೋಡಿದೆ. ಮೇಸ್ತ್ರಿ ಸಾಲಿನ ಕೊನೆಯ ಫರಸಿಯನ್ನು ಎದೆಗೆ ಆನಿಸಿಕೊಂಡು, ಗೋಡೆಯಿಂದ ಬಿಡಿಸಿ, ಕೂಸನ್ನು ಮಲಗಿಸುವ ಹಾಗೆ ನೆಲದ ನಡುವೆ ಮಲಗಿಸಿದರು. ಹೆಲ್ಮೆಟ್ ಹಾಕಿಕೊಂಡಿದ್ದರು.

"ಮೇಸ್ತ್ರಿ, ಇಳೀರಿ!" ನಾನು ಕೂಗಲಿಲ್ಲ, ಪಿಸುಗುಟ್ಟಿದೆ. ಕೂಗಲು ಹೆದರಿದ್ದೆ.

ಅವರು ತಲೆ ಎತ್ತಿ ನೋಡಿದರು. "ಇವನ್ನ ಇಲ್ಲಿ ನಿಲ್ಲಿಸಿದಾವ ನಾನ. ನೀವು ಅವರನ್ನ ದಾಟಸ್ರಿ, ಸಾಹೇಬ್ರ. ಈ ಕಡೆ ನೋಡಬ್ಯಾಡ್ರಿ" ಎಂದು ಮುಂದಿನ ಫರಸಿಗೆ ಕೈ ಹಾಕಿದರು.

ಕೆಳಗೆ ತಿರುಗಿ ಹೆಂಗಸರಿಗೆ ಬನ್ನಿ ಎಂದೆ. ಖಾಲಾ ಮಗಳ ಸೊಂಟ ಹಿಡಿದಿದ್ದರು. ಹಿರಿಯಾಳು ಕಂಬಕ್ಕೆ ಬೆನ್ನು ಕೊಟ್ಟು, ಬಾಣಂತಿಯನ್ನು ನೋಡಬಾರದೆಂದು ಕಣ್ಣು ಮುಚ್ಚಿ ನಿಂತಿದ್ದ. ಅವಳು ಕೋಣೆಯಿಂದ ನಡುಮನೆಗೆ ಬಂದಳು. ನಿಂತಳು. ಉಸಿರು ತೆಗೆದುಕೊಂಡು ಮತ್ತೆ ಹೆಜ್ಜೆ ಇಟ್ಟಳು. ಆಚೆಯಿಂದ ಫರಸಿ ನೆಲ ಮುಟ್ಟುವ ಮಂದ ಸದ್ದು ಬಿಟ್ಟು ಬಿಟ್ಟು ಕೇಳುತ್ತಿತ್ತು. ನಾನು ಬೆಣೆಗಳ ಮೇಲೆ ಕಣ್ಣಿಟ್ಟಿದ್ದೆ. ಹಿರಿಯಾಳು ಕಣ್ಣು ಮುಚ್ಚಿಕೊಂಡೇ, "ಕಂಬ ಹಗುರ ಆತ್ರಿ" ಎಂದ. ಗೋಡೆಯ ಒತ್ತು ಕಡಿಮೆಯಾಗಿತ್ತು ಎಂದು ಅದರ ಅರ್ಥ. ಮೇಸ್ತ್ರಿ ಹೋಗದಿದ್ದರೆ ಗೋಡೆ ಬೀಳುತ್ತಿತ್ತೇ ಎಂದು ನನ್ನನ್ನು ಕೇಳಿದ್ದಾರೆ. ನನಗೆ ಗೊತ್ತಿಲ್ಲ. ಅವರು ಫರಸಿ ತೆಗೆಯುವ ಮೊದಲು ಗೋಡೆ ಸರಿಯುತ್ತಿತ್ತು, ತೆಗೆಯಲು ಶುರು ಮಾಡಿದ ಮೇಲೆ ಸರಿಯಲಿಲ್ಲ. ನಾನು ಹೇಳಬಲ್ಲದ್ದು ಇಷ್ಟೇ.

ಬಾಣಂತಿ ಮುಂದಿನ ಕೋಣೆಯ ಹೊಸ್ತಿಲು ದಾಟಿದಳು. ಕೂಸನ್ನು ಎತ್ತಿಕೊಂಡಿದ್ದ ಮೇಸ್ತ್ರಿಯ ಹೆಂಡತಿ ಇನ್ನೂ ನಡುಮನೆಯಲ್ಲಿದ್ದರು. ನಾನು ಬಲಕ್ಕೆ ತಿರುಗಿದೆ, ಸಾಕು ಬನ್ನಿ ಎನ್ನಲು. ಮೇಸ್ತ್ರಿ ಬಗ್ಗಿದ್ದರು. ಮಲಗಿಸಿದ ಫರಸಿಗಳ ಕೆಳಗೆ ಆ ನೆಲದ ಗರ್ಡರಿನ ತುದಿ ತುಕ್ಕು ತಿಂದು ಹೋಗಿತ್ತೆಂದು ಆಮೇಲೆ ತಿಳಿಯಿತು. ನೆಲ ಮೊದಲು ಬಾಗಿತು, ಅವರು ನೇರವಾಗಿ ನಿಂತರು, ಕೈ ಚಾಚಿದರು. ಹಿಡಿಯಲು ಹತ್ತಿರ ಇದ್ದದ್ದು ಜಂಟಿ ಗೋಡೆ. ಅದರ ಮೇಲೆ ಕೈ ಇಡಲಿಲ್ಲ. ಇಡಲಾಗಲಿಲ್ಲವೋ, ಇಡಬಾರದೆಂದು ಇಡಲಿಲ್ಲವೋ, ಪ್ರಮಾಣ ಮಾಡಿ ಹೇಳಲಾರೆ. ಕೈ ಚಾಚಿದ್ದನ್ನೂ, ಗೋಡೆ ಮುಟ್ಟದೆ ಹಿಂದಕ್ಕೆ ಬಂದದ್ದನ್ನೂ ನೋಡಿದೆ. ಆಮೇಲೆ ನೆಲ ಕುಸಿದು ಧೂಳು ಎದ್ದಿತು.

ಗೋಡೆ ನಿಂತಿತು. ಮೇಸ್ತ್ರಿಯ ಹೆಂಡತಿ ಸದ್ದಿನ ಕಡೆ ತಿರುಗಿದರು. ಕೂಸನ್ನು ಕೆಳಗಿಡಲಿಲ್ಲ. ಮುಂದಿನ ಕೋಣೆಗೆ ಹೋಗಿ ತಾಯಿಯ ಕೈಗೆ ಕೊಟ್ಟು, ಆಮೇಲೆ ಮೆಟ್ಟಿಲಿಳಿದು ಓಡಿದರು.

ಅಗ್ನಿಶಾಮಕದವರು ಬಂದು ಬಾಣಂತಿಯನ್ನೂ ಕೂಸನ್ನೂ ಬಾಲ್ಕನಿಯಿಂದ ಇಳಿಸಿದರು, ಆಮೇಲೆ ಮೇಸ್ತ್ರಿಯನ್ನು ಹೊರತೆಗೆದರು. ಜೀವ ಇರಲಿಲ್ಲ.

ಕೆಲಸ ನಿಲ್ಲಿಸುವ ಆದೇಶ ಬಂತು. ವಾರಗಳ ನಂತರ ಎಂಜಿನಿಯರ್ ಎರಡೂ ಕಡೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಪಕ್ಕದ ಮನೆಗೆ ಬೇರೆ ಗೋಡೆ ಕಟ್ಟಿಸಿದ ಮೇಲೆ ಬೇರೆ ತಂಡ ಬಂದು ಉಳಿದದ್ದನ್ನು ಕೆಡವಿತು. ಜಾಗ ಈಗ ಸಮತಟ್ಟಾಗಿದೆ. ನಾನು ಆ ಗುತ್ತಿಗೆದಾರರಲ್ಲಿ ಈಗ ಇಲ್ಲ. ಹೊಸ ಕಡೆ, ಸಹಿ ಮಾಡಿದ ಒಪ್ಪಿಗೆ ಎಷ್ಟೇ ಇರಲಿ, ದಿನಾ ಬೆಳಿಗ್ಗೆ ಮೊದಲ ಸುತ್ತಿಗೆ ಏಳುವ ಮೊದಲು ಪಕ್ಕದ ಮನೆಯ ಬಾಗಿಲು ತಟ್ಟಿ ಕೋಣೆ ನೋಡುತ್ತೇನೆ. ಕೆಲವರು ಬೈಯುತ್ತಾರೆ.

ಗುತ್ತಿಗೆದಾರರ ಹೇಳಿಕೆಯಲ್ಲಿ ಕೋಣೆ ಖಾಲಿ ಇತ್ತು. ಅಗ್ನಿಶಾಮಕದವರು ಬಾಣಂತಿಯನ್ನು ಕಂಡದ್ದು ಮುಂದಿನ ಕೋಣೆಯಲ್ಲಿ. ಖಾಲಿ ಇಡುತ್ತೇವೆಂದು ಸಹಿ ಮಾಡಿದ್ದ ಪಕ್ಕದ ಮನೆಯ ಗಂಡಸರು ಹೆದರಿ ಅದನ್ನೇ ಹೇಳಿದರು. ಹಾಗಾದರೆ ಮೇಸ್ತ್ರಿ ಕಾರಣವಿಲ್ಲದೆ, ಹುಂಬತನದಿಂದ ಸತ್ತವರಾಗುತ್ತಾರೆ. ಕಾರ್ಮಿಕ ಇಲಾಖೆಯ ವಿಚಾರಣೆಗೆ ಮೊದಲು ನಾನು ಖಾಲಾರ ಬಾಗಿಲಿಗೆ ಹೋದೆ. ಬಂದು ನಿಜ ಹೇಳುತ್ತೀರಾ ಎಂದು ಕೇಳಿದೆ.

"ನಮ್ಮ ಗಂಡಸ್ರು ಬ್ಯಾಡ ಅಂತಾರ. ಕೇಸ್ ಆಗ್ತದ ಅಂತಾರ" ಎಂದರು. ಆಮೇಲೆ, "ಆ ಹೆಣ್ಮಗಳು ಗಂಡ ಬಿದ್ದ ಸಪ್ಪಳ ಕೇಳಿನೂ ನಮ್ಮ ಕೂಸು ಬಿಡ್ಲಿಲ್ಲ. ನಾ ಬರ್ತೀನಿ. ಬರಕೋ" ಎಂದರು.

ಆದ್ದರಿಂದ ಬರೆಯುತ್ತೇನೆ. ಅಂದು ಆ ಕೋಣೆಯಲ್ಲಿ ಜನ ಇದ್ದುದನ್ನು ಬಲ್ಲವರು, ಇಂದು ಬದುಕಿರುವವರು ಇವರು: ಅದೇ ಓಣಿಯ ಅದೇ ಮನೆಯಲ್ಲಿರುವ ಖಾಲಾ, ಗಂಡನ ಮನೆಗೆ ಮರಳಿರುವ ಅವರ ಮಗಳು, ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದ, ಈಗ ಕುಷಾಯಿಗೂಡದಲ್ಲಿ ಕೂಲಿ ಮಾಡುವ ಹಿರಿಯಾಳು, ತಾರ್ನಾಕದ ಹತ್ತಿರ ಕಟ್ಟಡವೊಂದರಲ್ಲಿ ಇಟ್ಟಿಗೆ ಹೊರುತ್ತಿರುವ ಮೇಸ್ತ್ರಿಯ ಹೆಂಡತಿ, ಮತ್ತು ನಾನು.